ಪಹಣಿಯೂ ಗಣಕಯಂತ್ರವೂ

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಒಂದು ಹೋಬಳಿಯ ಕೇಂದ್ರ. ಅಲ್ಲಿಯ ರೈತನಿಗೆ ಬೆಳೆಸಾಲ ಬೇಕಾದಾಗ, ಅಣ್ಣತಮ್ಮಂದಿರು ಪಾಲಾದಾಗ, ಮಗಳ ಮದುವೆಗೆಂದು ತುಂಡು ನೆಲವನ್ನು ಮಾರಬೇಕಾಗಿ ಬಂದಾಗ ಮೊದಲು ಬೇಕಾಗುವುದು ಪಹಣಿ. ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರನ ಹೆಸರು, ಮಣ್ಣಿನ ಬಗೆ, ನೀರಿನ ಆಸರೆ, ಬೆಳೆದ ಬೆಳೆ, ನೆಲದ ಮೇಲಿನ ಸಾಲ ಇವೆಲ್ಲವೂ ಅಡಗಿರುವ ಆ ಒಂದು ಹಾಳೆ ಇಲ್ಲದಿದ್ದರೆ ಬ್ಯಾಂಕಿನವರೂ ನ್ಯಾಯಾಲಯದವರೂ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಿಂದೆ ಈ ಹಾಳೆ ಶಾನುಭೋಗರ ಕೈಬರಹದಲ್ಲಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಶಾಸನ ರದ್ದುಗೊಳಿಸಿದ ಮೇಲೆ ಪುಸ್ತಕ ಗ್ರಾಮಲೆಕ್ಕಿಗರ ಕೈಸೇರಿತು. ಕೈ ಬದಲಾಯಿತೇ ಹೊರತು ರೈತನು ಕಾಯುವುದು ತಪ್ಪಲಿಲ್ಲ. ಕಾಯುವಾಗ ಜೇಬು ಹಗುರವಾಗುವುದೂ ತಪ್ಪಲಿಲ್ಲ.

ಈ ಪುಸ್ತಕಗಳನ್ನು ಗಣಕಯಂತ್ರಕ್ಕೆ ಏರಿಸಬೇಕೆಂಬ ಆಲೋಚನೆ ಕರ್ನಾಟಕದಲ್ಲಿ 1991ರಷ್ಟು ಹಿಂದೆಯೇ ಮೊಳೆಯಿತು. ಕೇಂದ್ರ ಸರ್ಕಾರದ ನೆರವಿನಿಂದ ಗುಲ್ಬರ್ಗಾ ಜಿಲ್ಲೆಯಲ್ಲಿ ಪ್ರಯೋಗ ನಡೆದು, 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಆದರೆ ಯಂತ್ರಗಳನ್ನಿಟ್ಟದ್ದು ಜಿಲ್ಲಾ ಕೇಂದ್ರದಲ್ಲಿ. ದಾಖಲೆ ಹುಟ್ಟುವುದು ಹಳ್ಳಿಯಲ್ಲಿ, ಬೇಕಾಗುವುದು ತಾಲ್ಲೂಕಿನಲ್ಲಿ. ಹಳ್ಳಿಯಲ್ಲಿ ತಂದೆ ತೀರಿಕೊಂಡು ಖಾತೆ ಮಗನಿಗೆ ಬಂದರೂ ಯಂತ್ರದೊಳಗೆ ತಂದೆಯೇ ಬದುಕಿರುತ್ತಿದ್ದನು! ಅಂಥ ದಾಖಲೆಯನ್ನು ಯಾರು ನಂಬಿಯಾರು?

ತಂತ್ರಾಂಶ ಕಟ್ಟುವವರಲ್ಲಿ ಈ ಬಗೆಯ ಸೋಲಿಗೆ ಒಂದು ಹೆಸರುಂಟು. ಬೇಕುಗಳನ್ನೆಲ್ಲ ಮೊದಲೇ ಬರೆದಿಟ್ಟು, ಅನಂತರ ನಕ್ಷೆ, ಅನಂತರ ರಚನೆ, ಕೊನೆಗೆ ಪರೀಕ್ಷೆ ಎಂದು ಕೆಲಸವನ್ನು ಮೇಲಿಂದ ಕೆಳಕ್ಕೆ ಮಾತ್ರ ಹರಿಯಬಿಡುವ ಕ್ರಮವನ್ನು ಅವರು ‘ಜಲಪಾತ’ ಎನ್ನುತ್ತಾರೆ. ಬಿದ್ದ ನೀರು ಮೇಲೇರದು. ಬಳಸುವವನು ಕೊನೆಗೆ ಬಂದು ‘ನನಗೆ ಬೇಕಾದದ್ದು ಇದಲ್ಲ’ ಎಂದರೆ ಹಿಂದಿರುಗಲು ದಾರಿಯಿಲ್ಲ. ಅಮೆರಿಕದ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಈ ಕ್ರಮದ ಚಿತ್ರವನ್ನು ಬರೆದು, ಇದನ್ನು ಹೀಗೆಯೇ ಅನುಸರಿಸುವುದು ಅಪಾಯಕರವೆಂದೂ ಎಚ್ಚರಿಸಿದನು. ಲೋಕವು ಚಿತ್ರವನ್ನು ಕಂಡಿತು, ಎಚ್ಚರಿಕೆಯನ್ನು ಓದಲಿಲ್ಲ. 2001ರ ಫೆಬ್ರವರಿಯಲ್ಲಿ ಯೂಟಾ ಪ್ರಾಂತದ ಗಿರಿಧಾಮವೊಂದರಲ್ಲಿ 17 ಮಂದಿ ತಂತ್ರಜ್ಞರು ಸೇರಿ ಬೇರೊಂದು ಕ್ರಮವನ್ನು ಸಾರಿದರು. ಅದರ ಹೆಸರು ‘ಅಜೈಲ್’, ಎಂದರೆ ಚುರುಕು. ಇಡೀ ಅರಮನೆಯ ನೀಲನಕ್ಷೆಗಾಗಿ ವರ್ಷಗಟ್ಟಲೆ ಕಾಯದೆ, ವಾಸಯೋಗ್ಯವಾದ ಒಂದು ಕೋಣೆಯನ್ನು ಕೆಲವೇ ವಾರಗಳಲ್ಲಿ ಕಟ್ಟಿ, ಅದರಲ್ಲಿ ಮನೆಯವರನ್ನು ಇರಿಸಿ, ಅವರ ದೂರನ್ನು ಕೇಳಿ, ತಿದ್ದಿ, ಮುಂದಿನ ಕೋಣೆಗೆ ಕೈಹಾಕುವುದು. ಮನೆ ಕಟ್ಟಿಸಿದ ಅನುಭವವುಳ್ಳ ಗೃಹಿಣಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಅಡಿಗೆಮನೆಯ ಕಟ್ಟೆಯ ಎತ್ತರ ಸರಿಯಿದೆಯೇ ಎಂಬುದು ಅಲ್ಲಿ ನಿಂತು ಒಗ್ಗರಣೆ ಹಾಕಿದಾಗಲೇ ತಿಳಿಯುತ್ತದೆ.

ಕರ್ನಾಟಕದ ಕಂದಾಯ ಇಲಾಖೆ 1990ರ ದಶಕದ ಕೊನೆಯಲ್ಲಿ ಕೈಗೊಂಡ ‘ಭೂಮಿ’ ಯೋಜನೆ ಈ ಹೆಸರನ್ನು ಹೊತ್ತು ಹೊರಟದ್ದಲ್ಲ. ಆದರೂ ನಡೆದ ದಾರಿ ಬಹುಮಟ್ಟಿಗೆ ಅದೇ. ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ಎನ್.ಐ.ಸಿ.ಯವರು ರಚಿಸಿದ ತಂತ್ರಾಂಶದೊಡನೆ, ಕೆಲಸ ಮೊದಲು ಬೆರಳೆಣಿಕೆಯ ತಾಲ್ಲೂಕುಗಳಲ್ಲಿ ತೊಡಗಿತು. ಅದು ನಿಂತ ಮೇಲೆ ಜಿಲ್ಲೆಗೊಂದರಂತೆ 27 ತಾಲ್ಲೂಕುಗಳು, ಆಮೇಲೆ ರಾಜ್ಯವೆಲ್ಲ. 2002ರ ವೇಳೆಗೆ ಸುಮಾರು 67 ಲಕ್ಷ ಹಕ್ಕುದಾರರ 2 ಕೋಟಿ ದಾಖಲೆಗಳು ಯಂತ್ರಕ್ಕೇರಿದ್ದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ತೆತ್ತವನಿಗೆ ಅಚ್ಚಾದ ಪಹಣಿ ಅಲ್ಲಿಯೇ ದೊರೆಯುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು.

ಗಮನಿಸಬೇಕಾದದ್ದು ಯಂತ್ರವನ್ನಲ್ಲ, ಕಚೇರಿಯನ್ನು. ಯಂತ್ರವನ್ನು ತಂದವರು ಕಚೇರಿಯ ನಡೆವಳಿಯನ್ನೂ ಬಿಚ್ಚಿ ಹೊಲಿಯಬೇಕಾಯಿತು. ಬೆರಳಚ್ಚನ್ನು ಗುರುತಿಸಿದ ಮೇಲೆಯೇ ನೌಕರನಿಗೆ ದಾಖಲೆ ತೆರೆಯುವುದು. ಯಾರು ಏನನ್ನು ತಿದ್ದಿದರೆಂಬುದು ಉಳಿಯುವುದು. ಖಾತೆ ಬದಲಾವಣೆಯ ಅರ್ಜಿ ಬಂದ ಸರತಿಯಲ್ಲೇ ಸಾಗಬೇಕು, ಬೇಕಾದವರದನ್ನು ಮೇಲಕ್ಕೆತ್ತುವಂತಿಲ್ಲ. ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನಿಟ್ಟು, ತನ್ನ ಹೆಸರಿನ ಮುಂದೆ ಏನು ಮೂಡುತ್ತಿದೆ ಎಂಬುದನ್ನು ಅವನೇ ನೋಡುವಂತೆ ಮಾಡಿದರು. ಅಲ್ಪವೆಂದು ತೋರುವ ಈ ಏರ್ಪಾಡೇ ಇಡೀ ಯೋಜನೆಯ ಜಾಣತನ ಎನ್ನಬಹುದು.

ಇಂದು ಬೆಂಗಳೂರಿನ ಕಂಪೆನಿಗಳಲ್ಲಿ ಅಜೈಲ್ ಕಲಿಸುವುದೇ ಒಂದು ವೃತ್ತಿಯಾಗಿದೆ. ದಿನವೂ ಬೆಳಗ್ಗೆ ತಂಡದವರು ನಿಂತುಕೊಂಡೇ ಹದಿನೈದು ನಿಮಿಷ ಮಾತನಾಡುವ ಪದ್ಧತಿಯುಂಟು. ನಿನ್ನೆ ಏನಾಯಿತು, ಇಂದು ಏನು, ತೊಡಕೆಲ್ಲಿ ಎಂಬುದಷ್ಟೇ ಮಾತು. ಮೇಲಧಿಕಾರಿ ಅದನ್ನು ಹಾಜರಿ ಪುಸ್ತಕವೆಂದು ಭಾವಿಸಿದ ದಿನ ತೊಡಕನ್ನು ಹೇಳುವ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ನಿಂತದ್ದಕ್ಕೆ ಕಾಲುನೋವಷ್ಟೇ ಲಾಭ.

ಭೂಮಿ ಯೋಜನೆಯೂ ದೋಷಮುಕ್ತವಲ್ಲ. ಹಳ್ಳಿಯಲ್ಲಿದ್ದ ಪುಸ್ತಕ ತಾಲ್ಲೂಕಿಗೆ ಹೋದದ್ದರಿಂದ, ಪಹಣಿಗಾಗಿ ಒಂದು ದಿನದ ಕೂಲಿಯನ್ನೂ ಬಸ್ಸಿನ ದರವನ್ನೂ ತೆರಬೇಕಾಯಿತು. ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇನ್ನೂ ಕಟುವಾದ ಮಾತನ್ನಾಡಿತು: ಒಂದೆಡೆ ಸೇರಿದ ದಾಖಲೆಗಳಿಂದ ಬೆಂಗಳೂರಿನ ಸುತ್ತಣ ನೆಲವನ್ನು ಕೊಳ್ಳಬಯಸುವ ದೊಡ್ಡ ಕುಳಗಳಿಗೇ ಹೆಚ್ಚು ಅನುಕೂಲವಾಯಿತು, ಸಣ್ಣ ರೈತನಿಗಲ್ಲ. ರಾಜಧಾನಿಯ ಮಗ್ಗುಲಲ್ಲಿರುವ ಹೊಸಕೋಟೆಯಂಥ ತಾಲ್ಲೂಕಿನವರು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು. ತುಸು ಕಟ್ಟಿ ಜನರನ್ನು ಕೇಳುವುದೆಂದರೆ, ಕೇಳಬೇಕಾದ ಜನರು ಯಾರೆಂಬ ಪ್ರಶ್ನೆಯೂ ಜೊತೆಗೆ ಬರುತ್ತದೆ.

ದೂರಿಗೆ ಉತ್ತರವೂ ಮುಂದಿನ ಸುತ್ತುಗಳಲ್ಲಿ ಅಷ್ಟಿಷ್ಟು ಬಂದಿತು. ನೋಂದಣಿಯ ‘ಕಾವೇರಿ’, ಅಳತೆಯ ‘ಮೋಜಿಣಿ’ ಭೂಮಿಯೊಡನೆ ಕೂಡಿಕೊಂಡವು. ಪಹಣಿ ತಾಲ್ಲೂಕಿನಿಂದ ಹೋಬಳಿಯ ನಾಡಕಚೇರಿಗೆ ಇಳಿದು ಬಂದಿತು.

ಚುರುಕಿನ ಹೆಸರಿನಲ್ಲಿ ಮೊಟಕುಗೊಳಿಸಬಾರದ ಹೆಜ್ಜೆಗಳೂ ಇವೆ. ಯೋಜನೆ ಆರಂಭವಾದಾಗ ಖಾತೆ ಬದಲಾವಣೆಗೆ ಮುನ್ನ ತಕರಾರಿಗೆಂದು 30 ದಿನಗಳ ಅವಧಿಯಿತ್ತು. ಯಂತ್ರ ಬಂದಿತೆಂದು ಅದನ್ನು ಕೈಬಿಡಲಿಲ್ಲ. ಅಣ್ಣಂದಿರು ಸದ್ದಿಲ್ಲದೆ ಪಾಲು ಮಾಡಿಕೊಂಡ ಸುದ್ದಿ ಮಾಲೂರಿನಲ್ಲೋ ಕೋಲಾರದಲ್ಲೋ ಇರುವ ತಂಗಿಯನ್ನು ಮುಟ್ಟುವುದಕ್ಕೂ, ಅವಳು ಬಸ್ಸು ಹತ್ತಿ ಬಂದು ಅರ್ಜಿ ಕೊಡುವುದಕ್ಕೂ ಅಷ್ಟು ದಿನ ಬೇಕಾಗುತ್ತದೆ.