ಬಾಟಲಿಯಲ್ಲಿ ಗೆದ್ದ ಸೆರಾಮಿಕ್ ಮೂಳೆಯಲ್ಲೂ ಗೆಲ್ಲುತ್ತದೆಯೇ?

ಪರ-ವಿರೋಧ: ಮೂಳೆ ತುಂಬಲು ರೂಪಿಸಿದ ಹೊಸ ಸೆರಾಮಿಕ್ ಪ್ರಾಣಿ ಪರೀಕ್ಷೆಗೆ ಅರ್ಹವೇ ಎಂಬುದನ್ನು ಕೃತಕ ದೇಹದ್ರವದ (ಎಸ್‌ಬಿಎಫ್) ಪರೀಕ್ಷೆಯಿಂದಲೇ ನಿರ್ಧರಿಸಬಹುದೇ?

ಪರ

ಈ ಪರೀಕ್ಷೆ ಊಹೆಯಿಂದ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ನೆನಪಿಸಬೇಕು. ಕ್ಯೋಟೊ ವಿಶ್ವವಿದ್ಯಾಲಯದ ತದಾಶಿ ಕೊಕುಬೊ ಮತ್ತು ಸಂಗಡಿಗರು ತಯಾರಿಸಿದ್ದ ಎ-ಡಬ್ಲ್ಯು ಗಾಜು-ಸೆರಾಮಿಕ್ ಪ್ರಾಣಿಗಳ ಮೂಳೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತಿತ್ತು. ಅಂಟಿದ ಜಾಗದಲ್ಲಿ, ಮೂಳೆಯ ಖನಿಜವನ್ನೇ ಹೋಲುವ ಅಪಟೈಟ್‌ನ ತೆಳು ಪದರವೂ ಕಾಣುತ್ತಿತ್ತು. ಅದೇ ಪದರ ಪ್ರಾಣಿಯ ದೇಹದ ಹೊರಗೆ ಮೂಡಬೇಕಾದರೆ ದ್ರವದಲ್ಲಿ ಏನೇನಿರಬೇಕು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಈ ಸೂತ್ರ: ಸೋಡಿಯಂ, ಕ್ಯಾಲ್ಸಿಯಂ, ಫಾಸ್ಫೇಟ್ ರಕ್ತದ ಪ್ಲಾಸ್ಮಾದಲ್ಲಿರುವಷ್ಟೇ, ಪಿಎಚ್ 7.4, ಉಷ್ಣತೆ 36.5 ಡಿಗ್ರಿ ಸೆಲ್ಸಿಯಸ್. 1990ರಲ್ಲಿ ಇದು ಪ್ರಕಟವಾಯಿತು, 2007ರಲ್ಲಿ ಐಎಸ್‌ಒ 23317 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಸೋಡಿಯಂ-ಕ್ಯಾಲ್ಸಿಯಂ-ಸಿಲಿಕಾ ಗಾಜುಗಳನ್ನು ಮೊಲದ ತೊಡೆಮೂಳೆಯಲ್ಲಿಟ್ಟು ನೋಡಿದಾಗ, ದ್ರವದಲ್ಲಿ ಬೇಗ ಪದರ ಕಟ್ಟಿಕೊಂಡವುಗಳ ನಡುವೆಯೇ ಮೂಳೆಯೂ ಬೇಗ ಬೆಳೆದಿತ್ತು. ಕ್ಷಾರದಲ್ಲಿ ಅದ್ದಿ ಕಾಯಿಸಿದ ಟೈಟಾನಿಯಂ ಮೂಳೆಗೆ ಅಂಟಬಲ್ಲದೆಂಬ ಸುಳಿವನ್ನು ಕೊಟ್ಟದ್ದೂ ಇದೇ ದ್ರವ. ಜಪಾನಿನಲ್ಲಿ 2007ರಿಂದ ಆ ಲೋಹ ಕೃತಕ ಸೊಂಟದ ಕೀಲಿನಲ್ಲಿ ಬಳಕೆಯಲ್ಲಿದೆ.

ಇನ್ನು ಖರ್ಚಿನ ಮಾತು. ಕೆಲವು ಲವಣಗಳು, ಒಂದು ಇನ್‌ಕ್ಯುಬೇಟರ್, ನಾಲ್ಕು ವಾರಗಳ ತಾಳ್ಮೆ, ಕೊನೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಒಂದು ನೋಟ. ದೊಡ್ಡ ಸಂಸ್ಥೆಗಳ ಹೊರಗಿರುವ ಸಂಶೋಧಕರಿಗೂ ಇದು ಎಟುಕುತ್ತದೆ. ಮೇಲಾಗಿ, ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗ ತಪ್ಪಿಸಬೇಕೆಂದು ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ ಬಯಸುತ್ತದೆ. ಹತ್ತು ಬಗೆಯ ಗಾಜಿನ ಪೈಕಿ ಎರಡನ್ನು ಮಾತ್ರ ಮೊಲದವರೆಗೆ ಒಯ್ಯುವುದು ಆ ಆಶಯಕ್ಕೆ ಒಪ್ಪುವ ನಡೆ.

ಆಕ್ಷೇಪಗಳಿವೆ. ದ್ರವದಲ್ಲಿ ಪ್ರೋಟೀನ್ ಇಲ್ಲ, ಜೀವಕೋಶವಿಲ್ಲ. ಬೈಕಾರ್ಬನೇಟ್ ಪ್ಲಾಸ್ಮಾದಲ್ಲಿ ಲೀಟರಿಗೆ 27 ಮಿಲಿಮೋಲ್ ಇದ್ದರೆ ಇಲ್ಲಿ ಬರೀ 4.2. ಇದ್ಯಾವುದೂ ಬಚ್ಚಿಟ್ಟ ಸಂಗತಿಯಲ್ಲ, ಸೂತ್ರದಲ್ಲೇ ಬರೆದಿದೆ. ಸರಳವಾಗಿದ್ದರೆ ತಾನೇ ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲೂ ಬರುವುದು? ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಮತ್ತು ಕ್ಯಾಲ್ಸೈಟ್ ಪದರ ಕಟ್ಟದೆಯೇ ಮೂಳೆಗೆ ಅಂಟುತ್ತವೆ ಎಂಬುದೂ ನಿಜ, 2006ರಲ್ಲಿ ಕೊಕುಬೊ ಅವರೇ ಒಪ್ಪಿಕೊಂಡಿದ್ದಾರೆ. ದೇಹದಲ್ಲಿ ಕರಗಿಹೋಗಬೇಕಾದ ಸೆರಾಮಿಕ್‌ಗಳಿಗೆ ಈ ಪರೀಕ್ಷೆಯನ್ನು ಅನ್ವಯಿಸದಿದ್ದರಾಯಿತು. ಇಂದು ಸಂಶೋಧನೆಯ ಒಲವು ಬಹುಮಟ್ಟಿಗೆ ಕರಗುವ ಸೆರಾಮಿಕ್‌ಗಳತ್ತಲೇ ಇದೆ ಎಂದು ಯಾರಾದರೂ ಕೇಳಿದರೆ, ಹೌದು, ಉಳಿದವುಗಳಿಗಾದರೂ ಇದು ಬೇಕು.

ವಿರೋಧ

ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಒಂದನ್ನೇ ಹಿಡಿದು ನೋಡೋಣ. ಮೂಳೆ ಶಸ್ತ್ರಚಿಕಿತ್ಸಕರು ದಶಕಗಳಿಂದ ಬಳಸುತ್ತಿರುವ ವಸ್ತು ಇದು. ಮೂಳೆಗೆ ನೇರವಾಗಿ ಅಂಟುತ್ತದೆ, ನಿಧಾನವಾಗಿ ಕರಗುತ್ತದೆ, ತೆರವಾದ ಜಾಗದಲ್ಲಿ ರೋಗಿಯದೇ ಮೂಳೆ ಬೆಳೆಯುತ್ತದೆ. ಮೂಳೆ ತುಂಬುವ ವಸ್ತುವಿನಿಂದ ಇದಕ್ಕಿಂತ ಹೆಚ್ಚಿನದನ್ನು ಯಾರು ಕೇಳಿಯಾರು? ಆದರೆ ಇದನ್ನು ಎಸ್‌ಬಿಎಫ್‌ನಲ್ಲಿ ಮುಳುಗಿಸಿಟ್ಟರೆ ಸಾಮಾನ್ಯವಾಗಿ ಲೆಕ್ಕಕ್ಕೆ ಸಿಗುವಷ್ಟು ಅಪಟೈಟ್ ಮೂಡುವುದಿಲ್ಲ. ಇವತ್ತು ಯಾರಾದರೂ ಹೊಸದಾಗಿ ತಯಾರಿಸಿ ಈ ಜರಡಿಗೆ ಹಾಕಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. 2010ರಲ್ಲಿ ಡಚ್ ಸಂಶೋಧಕರು ಮುಂದಾಳಾಗಿದ್ದ ತಂಡವೊಂದು ಅತಿಸೂಕ್ಷ್ಮ ರಂಧ್ರಗಳಿರುವ ಟ್ರೈಕ್ಯಾಲ್ಸಿಯಂ ಫಾಸ್ಫೇಟನ್ನು ಕುರಿಯ ಸೊಂಟದ ಮೂಳೆಯಲ್ಲಿ ಕೊರೆದ, ತಾನಾಗಿ ತುಂಬಿಕೊಳ್ಳಲಾರದಷ್ಟು ದೊಡ್ಡ ರಂಧ್ರಕ್ಕೆ ಹಾಕಿ ನೋಡಿತು. ಕುರಿಯ ಸ್ವಂತ ಮೂಳೆಯನ್ನು ಕಸಿ ಮಾಡಿದಾಗ ಬರುವಷ್ಟೇ ಒಳ್ಳೆಯ ಫಲ ಬಂತು. ನಾಯಿಯ ಸ್ನಾಯುವಿನೊಳಗೆ, ಅಂದರೆ ಮೂಳೆಯ ಸುಳಿವೇ ಇಲ್ಲದ ಜಾಗದಲ್ಲಿ ಇಟ್ಟಾಗಲೂ ಅದು ಮೂಳೆ ಬೆಳೆಸಿತು. ಇಂಥದ್ದನ್ನು ಅಪವಾದವೆಂದು ಬದಿಗೆ ಸರಿಸುವವರು ಈ ಕ್ಷೇತ್ರದ ಅತ್ಯುತ್ತಮ ಫಲಿತಾಂಶವನ್ನೇ ಬದಿಗೆ ಸರಿಸುತ್ತಿದ್ದಾರೆ.

ಹೀಗೇಕಾಗುತ್ತದೆ ಎಂಬುದರಲ್ಲಿ ನಿಗೂಢವೇನೂ ಇಲ್ಲ. ಎಸ್‌ಬಿಎಫ್ ಅಪಟೈಟ್‌ನ ಮಟ್ಟಿಗೆ ಅತಿಪರ್ಯಾಪ್ತ ದ್ರಾವಣ. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎಲ್ಲಾದರೂ ಹರಳುಗಟ್ಟಲು ಕಾದೇ ಇರುತ್ತವೆ, ಮೇಲ್ಮೈ ಒಂದಿಷ್ಟು ಆಸರೆ ಕೊಟ್ಟರೆ ಸಾಕು. ಆದ್ದರಿಂದ ಈ ಪರೀಕ್ಷೆ ಅಳೆಯುವುದು ಒಂದು ಮೇಲ್ಮೈಯ ಮೇಲೆ ಲವಣ ಎಷ್ಟು ಬೇಗ ಕೂರುತ್ತದೆ ಎಂಬುದನ್ನು. ದೇಹದೊಳಗಿನ ಕಥೆ ಬೇರೆಯೇ. ಸೆರಾಮಿಕ್ ಒಳಗೆ ಹೋದ ಕೂಡಲೇ ರಕ್ತದ ಪ್ರೋಟೀನುಗಳು ಅದನ್ನು ಹೊದ್ದುಕೊಳ್ಳುತ್ತವೆ. ಆಮೇಲೆ ಮ್ಯಾಕ್ರೋಫೇಜ್‌ಗಳು ಬರುತ್ತವೆ, ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಬರುತ್ತವೆ. ಆಸ್ಟಿಯೋಕ್ಲಾಸ್ಟ್ ಮೇಲ್ಮೈಗೆ ಕಚ್ಚಿ ಕೂತು, ತನ್ನ ಅಡಿಯ ಜಾಗದ ಪಿಎಚ್ ಅನ್ನು 4.5ರ ಆಸುಪಾಸಿಗೆ ಇಳಿಸುತ್ತದೆ. ಸೆರಾಮಿಕ್ ಅಲ್ಲಿ ಕರಗುವ ವೇಗಕ್ಕೂ ಹೊಸ ಮೂಳೆ ಬರುವ ವೇಗಕ್ಕೂ ಹೊಂದಾಣಿಕೆಯಾಗಬೇಕು. ಕರಗುವುದು ಬೇಗವಾದರೆ ಪೊಳ್ಳು ಉಳಿಯುತ್ತದೆ, ತೀರಾ ತಡವಾದರೆ ಮೂಳೆಯೊಳಗೆ ಕಲ್ಲು ಉಳಿಯುತ್ತದೆ. ಪಿಎಚ್ 7.4ಕ್ಕೆ ಕಟ್ಟಿಹಾಕಿದ, ಕೋಶವೇ ಇಲ್ಲದ ಬಾಟಲಿ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಸ್ವಿಟ್ಜರ್ಲೆಂಡಿನ ಮಾರ್ಕ್ ಬೋನರ್ ಮತ್ತು ಜಾಕ್ ಲೆಮೆತ್ರ್ 2009ರಲ್ಲೇ ಈ ಪರೀಕ್ಷೆಯ ಬುಡಕ್ಕೆ ಕೈ ಹಾಕಿ, ಇದನ್ನು ನಂಬಲು ಸಾಕಷ್ಟು ಆಧಾರವಿಲ್ಲ ಎಂದು ಬರೆದರು. ಆದರೂ ನಾಲ್ಕು ವಾರ ನೆನೆಸಿ, ಹೂಕೋಸಿನಂಥ ಹರಳುಗಳ ಒಂದು ಚಿತ್ರ ತೆಗೆದು, ಮೂಳೆ ಪುನರುತ್ಪತ್ತಿಗೆ ಸೂಕ್ತ ಎಂದು ತೀರ್ಪು ಕೊಡುವ ಪ್ರಬಂಧಗಳು ನಿಂತಿಲ್ಲ. (ಆ ಚಿತ್ರ ಚೆನ್ನಾಗಿ ಬರುತ್ತದೆ ಎಂಬುದೂ ಒಂದು ಕಾರಣವಿರಬೇಕು.)

ಹಾಗಾದರೆ ಎಲ್ಲವನ್ನೂ ನೇರವಾಗಿ ಪ್ರಾಣಿಗೆ ಹಾಕಬೇಕೇ ಎಂದು ಕೇಳುತ್ತಾರೆ. ಬೇಡ. ಸೆರಾಮಿಕ್ ಬಿಲ್ಲೆಯ ಮೇಲೆ ಆಸ್ಟಿಯೋಕ್ಲಾಸ್ಟ್ ಬೆಳೆಸಿ ಅದು ತೋಡಿದ ಗುಳಿಗಳನ್ನು ಅಳೆಯಬಹುದು. ಮಾನವ ಮೂಳೆಮಜ್ಜೆಯ ಕೋಶಗಳನ್ನು, ದ್ರವ ಸದಾ ಹರಿಯುತ್ತಿರುವ ಪಾತ್ರೆಯಲ್ಲಿ ಸೆರಾಮಿಕ್‌ನೊಳಗೇ ಬೆಳೆಸಬಹುದು. ಇವು ದುಬಾರಿ, ಎಲ್ಲರಿಗೂ ಎಟುಕುವುದಿಲ್ಲ, ಒಪ್ಪುತ್ತೇನೆ. ಎಸ್‌ಬಿಎಫ್ ಪ್ರಾಣಿಗಳ ಜೀವ ಉಳಿಸುತ್ತದೆ ಎಂಬ ವಾದವಂತೂ ನಿಲ್ಲುವುದಿಲ್ಲ: ತಪ್ಪು ವಸ್ತುವನ್ನು ಪಾಸು ಮಾಡಿ ಮೊಲದೊಳಗೆ ಕಳಿಸಿದರೆ ಆ ಮೊಲ ಸತ್ತದ್ದು ವ್ಯರ್ಥ.

ಇಲಿಯ ಬಗ್ಗೆಯೂ ಹೇಳಬೇಕು. ಇಲಿಯ ತಲೆಬುರುಡೆಯಲ್ಲಿ 8 ಮಿಲಿಮೀಟರ್ ರಂಧ್ರ ಕೊರೆದು ಮಾಡುವ ಪರೀಕ್ಷೆ ಜನಪ್ರಿಯ. ಆದರೆ ಸ್ನಾಯುವಿನೊಳಗೆ ಸೆರಾಮಿಕ್ ಮೂಳೆ ಬೆಳೆಸುವುದನ್ನು ನಾಯಿ, ಕುರಿ, ಮೇಕೆ, ಬಬೂನ್‌ಗಳಲ್ಲಿ ಕಂಡಷ್ಟು ಸುಲಭವಾಗಿ ಇಲಿಗಳಲ್ಲಿ ಕಾಣಲಾಗಿಲ್ಲ. ಸಣ್ಣ ಪ್ರಾಣಿಯಿಂದ ಅದೇ ಫಲಿತಾಂಶ ಸಿಗುವಂತಿದ್ದರೆ ದೊಡ್ಡದನ್ನು ಬಿಡಿ ಎನ್ನುತ್ತದೆ 1960ರ ಕಾಯ್ದೆ. ಇಲ್ಲಿ ಅದೇ ಫಲಿತಾಂಶ ಸಿಗುವುದಿಲ್ಲ. ಇಲಿಯೇ ತಪ್ಪು ಹೇಳುವಾಗ ಬಾಟಲಿಯೊಂದನ್ನೇ ದೂರುವುದೇಕೆ ಎಂದರೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನನ್ನ ವಾದ ಕೊನೆಗೆ ಕುರಿಯ ಬಾಗಿಲಿಗೇ ಹೋಗಿ ನಿಲ್ಲುತ್ತದೆ ಎಂಬುದನ್ನೂ ಮರೆಮಾಚುವುದಿಲ್ಲ. ಒಂದೇ ಬಗೆಯ ಗಾಜಿನ ಹತ್ತು ಸೂತ್ರಗಳನ್ನು ತಮ್ಮತಮ್ಮಲ್ಲೇ ಹೋಲಿಸುವುದಕ್ಕೆ ಎಸ್‌ಬಿಎಫ್ ಇಟ್ಟುಕೊಳ್ಳಲಿ. ಗಾಜಿನಿಂದ ಫಾಸ್ಫೇಟಿಗೆ ದಾಟಿದ ಮೇಲೆ ಅದರ ಅಂಕಪಟ್ಟಿಯನ್ನು ಯಾವ ನೈತಿಕ ಸಮಿತಿಯೂ ಕೇಳಬಾರದು.