ಕಾರಣ ಬರೆಯಲು ಜಾಗವಿಲ್ಲದ ಹಾಜರಿ ಪುಸ್ತಕ

2024ರ ಮೇ 9ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಯಾದಗಿರಿ ಜಿಲ್ಲೆ ಶೇ 50.59 ಪಡೆದು ರಾಜ್ಯದ ಕಟ್ಟಕಡೆಯ ಸ್ಥಾನದಲ್ಲಿತ್ತು. ಅದರ ಹಿಂದಿನ ವರ್ಷವೂ ಕೊನೆಯ ಸ್ಥಾನ ಅದರದ್ದೇ, ಆದರೆ ಆಗ ಶೇ 75.49. ಒಂದೇ ವರ್ಷದಲ್ಲಿ ಜಿಲ್ಲೆಯ ಹುಣಸಗಿ, ಸುರಪುರ, ಶಹಾಪುರದ ಮಕ್ಕಳು ದಡ್ಡರಾಗಲಿಲ್ಲ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು, ಅಷ್ಟೆ. ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಇಷ್ಟಕ್ಕೇ ನಿಂತಿತು.

ಆಮೇಲೆ ಎಂದಿನಂತೆ ಸಭೆ, ನೋಟಿಸ್, ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್. ಮಗು ಯಾವ ತರಗತಿಯಲ್ಲಿ, ಯಾವ ತಿಂಗಳಲ್ಲಿ, ಯಾವ ಪಾಠಕ್ಕೆ ಹಿಂದೆ ಬಿತ್ತು ಎಂದು ಶಿಕ್ಷಕರನ್ನು ಕೇಳಿದವರಿಲ್ಲ. ಅದನ್ನು ಕಂಡುಹಿಡಿಯಬಲ್ಲವರು ಅವರು ಮಾತ್ರ.

ಇದಕ್ಕೊಂದು ದಾರಿ ಶಿಕ್ಷಣ ಇಲಾಖೆಗೆ ಗೊತ್ತಿಲ್ಲದ್ದೇನಲ್ಲ. ಕ್ರಿಯಾ ಸಂಶೋಧನೆ ಡಿ.ಎಲ್.ಇಡಿ., ಬಿ.ಇಡಿ. ಪಠ್ಯದಲ್ಲಿದೆ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ (ಡಯಟ್) ಕಾರ್ಯಸೂಚಿಯಲ್ಲೂ ಇದೆ. ಶಿಕ್ಷಕಿ ತನ್ನ ತರಗತಿಯ ಒಂದು ತೊಡಕನ್ನು ಹಿಡಿದು, ಮಾಹಿತಿ ಕೂಡಿಸಿ, ಪಾಠದ ಕ್ರಮ ಬದಲಿಸಿ, ಪರಿಣಾಮ ನೋಡಿ, ಮತ್ತೆ ತಿದ್ದಿಕೊಳ್ಳುವ ಕೆಲಸ ಅದು. 1953ರಲ್ಲಿ ಅಮೆರಿಕದ ಸ್ಟೀಫನ್ ಕೋರಿ, 1975ರಲ್ಲಿ ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ಪುಸ್ತಕ ಬರೆದು ವಾದಿಸಿದ್ದು ಇದನ್ನೇ: ತರಗತಿಯ ಸಂಶೋಧಕ ಶಿಕ್ಷಕನೇ ಆಗಬೇಕು. ನಮ್ಮಲ್ಲಿ ಅದು ಬಹುಪಾಲು ಸ್ಪೈರಲ್ ಬೈಂಡಿಂಗ್ ಹಾಕಿದ ದಾಖಲೆಯಾಗಿ ಉಳಿದಿದೆ. ಜೆರಾಕ್ಸ್ ಅಂಗಡಿಯಲ್ಲಿ ಹಳೆಯ ಪ್ರತಿ ಸಿಗುತ್ತದೆ, ಹೆಸರು, ಶಾಲೆ ಬದಲಿಸಿದರೆ ಅಂಕ ಬೀಳುತ್ತದೆ. ಅದನ್ನು ಯಾರೂ ಓದುವುದಿಲ್ಲವೆಂದು ಬರೆಯುವವರಿಗೂ ಗೊತ್ತು, ಸಹಿ ಹಾಕುವವರಿಗೂ ಗೊತ್ತು. ಈ ಅಪ್ರಾಮಾಣಿಕತೆಯನ್ನು ಕಲಿಸಿದ್ದು ವ್ಯವಸ್ಥೆ.

ಒಬ್ಬ ಶಿಕ್ಷಕ ಮೂವತ್ತು ಮಕ್ಕಳನ್ನು ನೋಡಿ ಬರೆದದ್ದು ಸಂಶೋಧನೆ ಹೇಗಾಗುತ್ತದೆ ಎಂಬ ಆಕ್ಷೇಪವಿದೆ. ಆ ಮೂವತ್ತು ಮಕ್ಕಳಿಗೆ ಅದರಿಂದ ಉಪಯೋಗವಾಗಬೇಕು. ಇಡೀ ದೇಶಕ್ಕೆ ನಿಯಮ ಮಾಡುವುದು ಅದರ ಗುರಿಯಲ್ಲ. ಆದರೂ ಒಂದು ತಾಲ್ಲೂಕಿನ ಶಿಕ್ಷಕರ ಕೆಲಸ ರಾಜ್ಯವನ್ನೇ ಮುಟ್ಟಿದ ಉದಾಹರಣೆ ಕರ್ನಾಟಕದಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಾವೇ ಪಾಠದ ಕಾರ್ಡು ಬರೆದು, ಮಕ್ಕಳ ಮುಂದಿಟ್ಟು, ತಿದ್ದಿ ನಲಿಕಲಿ ಎಂಬ ಕಲಿಕಾ ಪದ್ಧತಿಯನ್ನು ಕಟ್ಟಿದರು. 2009ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಹೋಯಿತು. ಕಾರ್ಡುಗಳು ಹೋದವು, ಅವನ್ನು ಬರೆದು ತಿದ್ದುವ ಅಧಿಕಾರ ಜೊತೆಗೆ ಹೋಗಲಿಲ್ಲ. ತಾಂಡಾದಿಂದ ಬಂದು ಮನೆಯಲ್ಲಿ ಲಂಬಾಣಿ ಮಾತಾಡುವ ಒಂದನೇ ತರಗತಿ ಮಗುವಿಗೆ ಮೊದಲ ಕಾರ್ಡಿನ ಕನ್ನಡ ಪದವೇ ಹೊಸದು. ಆ ಕಾರ್ಡನ್ನು ಬದಲಿಸುವ ಧೈರ್ಯ ಹುಣಸಗಿಯ ಶಿಕ್ಷಕಿಗೆ ಬರಬೇಕಿತ್ತು.

ಯಾದಗಿರಿಯ ಶಾಲೆಗಳಿಂದ ಬಂದ ಪುರಾವೆ ದೊಡ್ಡ ಜಗಳವೊಂದಕ್ಕೆ ಉತ್ತರ ಕೊಟ್ಟದ್ದೂ ಉಂಟು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ತಿಂದ ಯಾದಗಿರಿ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳೊಂದಿಗೆ ಹೋಲಿಸಿತು. ಯಾದಗಿರಿ ಮಕ್ಕಳ ಬೆಳವಣಿಗೆ ಮುಂದಿತ್ತು. 2022ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ಹೊರಗಿನವರು ಬಂದು ಅಳೆದದ್ದಕ್ಕೆ ಸಿಕ್ಕ ಬೆಲೆ ಒಳಗಿನವರು ಅಳೆದದ್ದಕ್ಕೂ ಸಿಗಬೇಕು.

ಹುಣಸಗಿ ಮಣ್ಣಿಗೆ ಸಂಶೋಧನೆ ಹೊಸದಲ್ಲ. ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ಹೊಲಹೊಲ ತಿರುಗಿದರು. ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷದ ಹಿಂದಿನ ಮನುಷ್ಯರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡಿಕೊಂಡ ಜಾಗವನ್ನು ಅಗೆದು, ಚಕ್ಕೆಚಕ್ಕೆಯನ್ನೂ ಬಿಡದೆ ದಾಖಲಿಸಿದರು. ಅದೇ ಕಣಿವೆಯ ಮಗುವಿನ ಹತ್ತು ವರ್ಷದ ಕಲಿಕೆಗೆ ನಾವು ಇಟ್ಟಿರುವ ಲೆಕ್ಕ ಮೇ ತಿಂಗಳ ಒಂದು ಅಂಕಿ.

ಇಂಥ ಸಂಶೋಧನೆಗೆ ಹೊತ್ತು ಎಲ್ಲಿದೆ ಎಂದು ಶಿಕ್ಷಕರು ಕೇಳುತ್ತಾರೆ. ಕೇಳಲೇಬೇಕು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಕಳಿಸಕೂಡದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಅವರೇ ಹೋದರು. ಅದು ಮುಗಿಯಲೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಚಾಚಲಾಯಿತು. ಸಮೀಕ್ಷೆ ಬೇಕಾದದ್ದೇ. ಆದರೆ 60 ಪ್ರಶ್ನೆ ಹಿಡಿದು ಮನೆಮನೆಗೆ ಹೋದ ಶಿಕ್ಷಕಿಗೆ ತನ್ನದೊಂದು ಪ್ರಶ್ನೆ ಕೇಳಿಕೊಳ್ಳಲು ಇಡೀ ವರ್ಷದಲ್ಲಿ ಒಂದು ವಾರವೂ ಸಿಗುವುದಿಲ್ಲ.

ಆ ಪ್ರಶ್ನೆ ಹಾಜರಿ ಪುಸ್ತಕದಿಂದಲೇ ಶುರುವಾಗಬಹುದು. ಅದರಲ್ಲಿ ಬಂದದ್ದಕ್ಕೆ, ಬಾರದ್ದಕ್ಕೆ ಗುರುತು ಹಾಕಬಹುದೇ ಹೊರತು ಕಾರಣ ಬರೆಯಲು ಜಾಗವಿಲ್ಲ. ಹೆಸರು ಕೂಗಿದರೆ ಹಿಂದಿನ ಸಾಲಿನಿಂದ ಉತ್ತರ ಬರುತ್ತದೆ: 'ಹತ್ತಿ ಬಿಡಸಾಕ ಹೋಗ್ಯಾಳ್ರಿ ಟೀಚರ್', 'ಅವರ ಮನ್ಯಾಗ ಎಲ್ಲಾರೂ ಬೆಂಗಳೂರಿಗೆ ಗುಳೆ ಹೋಗ್ಯಾರ್ರಿ'. ಇದನ್ನು ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಮರಳಿ ಬಂದ ಮಗು ಗಣಿತದಲ್ಲಿ ಎಲ್ಲಿ ಎಡವಿತೆಂದು ಪಕ್ಕದಲ್ಲೇ ಗುರುತಿಸಿದರೆ ಅದೇ ಸಂಶೋಧನೆ. ಹತ್ತಿ ಬಿಡಿಸುವ ತಿಂಗಳಲ್ಲಿ ಭಿನ್ನರಾಶಿ ಪಾಠ ಇರಬೇಕೋ ಬೇಡವೋ ಎಂಬುದನ್ನು ಆ ನೋಟ್‌ಬುಕ್ ನೋಡಿಯೇ ತೀರ್ಮಾನಿಸಬಹುದು.

ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವ ಹೊತ್ತನ್ನು ಕಡಿಮೆ ಮಾಡಿ ಇಂಥ ನೋಟ್‌ಬುಕ್ಕುಗಳನ್ನು ಓದಲಿ. ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅವುಗಳ ಅಚ್ಚಿಗೆ, ಓಡಾಟಕ್ಕೆ ಸ್ವಲ್ಪ ಹಣ ತೆಗೆದಿಡಲಿ. ಕೆಟ್ಟ ಅಂಕಿಯನ್ನೂ ಇದ್ದಂತೆ ಬರೆದ ಶಿಕ್ಷಕರಿಗೆ ನೋಟಿಸ್ ಹೋಗುವುದಿಲ್ಲವೆಂದು ಇಲಾಖೆ ಲಿಖಿತವಾಗಿ ಹೇಳಲಿ. ಮುಂದಿನ ಫಲಿತಾಂಶ ವಿಶ್ಲೇಷಣೆ ಸಭೆಗೆ ಹುಣಸಗಿಯ ಮುಖ್ಯಶಿಕ್ಷಕರು ಬರುವಾಗ ಅಂಕಪಟ್ಟಿಯ ಜೊತೆ ಆ ನೋಟ್‌ಬುಕ್ಕನ್ನೂ ತರಲಿ. ಅಧಿಕಾರಿಗಳು ಮೊದಲು ಅದನ್ನೇ ತೆರೆಯಲಿ.