ಬೀಳು ಹೊಲದ ಕಳೆಗೆ ಹೊಣೆ ಯಾರು?

ನವಲಗುಂದ: ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ನವಲಗುಂದದ ಎರೆ ಭೂಮಿ ಹಸಿರಾಗುತ್ತದೆ. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಲ್ಲಿ ಸಾಗುವ ಪ್ರಯಾಣಿಕರಿಗೆ ಈ ಹಸಿರೆಲ್ಲವೂ ಒಂದೇ ಎನಿಸುತ್ತದೆ. ಆದರೆ ಹೆಸರು, ಹತ್ತಿ, ಉಳ್ಳಾಗಡ್ಡಿ ಹೊಲಗಳ ನಡುವೆ ಅಲ್ಲಲ್ಲಿ ಕಾಂಗ್ರೆಸ್ ಹುಲ್ಲು, ಬಳ್ಳಾರಿ ಜಾಲಿ ತುಂಬಿದ ತುಂಡುಗಳಿವೆ. ಅವು ಬಿತ್ತದೆ ಬಿಟ್ಟ ಹೊಲಗಳು. ಅಂಥ ಹೊಲಗಳ ಒಡೆಯರಲ್ಲಿ ಅನೇಕರು ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿ ನೆಲೆಸಿದ್ದಾರೆ. ಕಳೆ ಮಾತ್ರ ಊರಿನಲ್ಲೇ ಉಳಿದು ಬದುವು ದಾಟಿ ಪಕ್ಕದ ಹೊಲಕ್ಕೆ ನುಗ್ಗುತ್ತಿದೆ.

ಪ್ರತಿವರ್ಷ ಈ ಸಮಸ್ಯೆಯ ಚರ್ಚೆ ಗಿಡದ ಸುತ್ತಲೇ ಸುತ್ತುತ್ತದೆ. ಯಾವ ಔಷಧ ಸಿಂಪಡಿಸಬೇಕು, ಯಾವ ಯಂತ್ರ ತರಬೇಕು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಕಳೆ ರೋಗವಲ್ಲ, ರೋಗದ ಲಕ್ಷಣ. ಉಳುವವರಿಲ್ಲದ ಭೂಮಿ ಹೆಚ್ಚಲು ಕಾರಣಗಳೇನು ಎಂಬ ಪ್ರಶ್ನೆಯನ್ನು ಬಿಟ್ಟು ಕಳೆ ನಿರ್ಮೂಲನೆಯ ಮಾತನಾಡುವುದು ವ್ಯರ್ಥ.

ಹೊರಗಿನಿಂದ ಬಂದ ಗಿಡಗಳು

ಬಳ್ಳಾರಿ ಜಾಲಿ ಹೆಸರಿಗೆ ಬಳ್ಳಾರಿಯದಾದರೂ ಮೂಲತಃ ಅಮೆರಿಕ ಖಂಡದ್ದು. 1877ರಲ್ಲಿ ಬ್ರಿಟಿಷರು ಜಮೈಕಾದಿಂದ ಬೀಜ ತರಿಸಿ ಕಡಪಾ ಸೀಮೆಯಲ್ಲಿ ಬಿತ್ತಿದರು. ಬರಗಾಲದಲ್ಲೂ ಬದುಕುವ ಈ ಮರ ಸೌದೆಯ ಕೊರತೆ ನೀಗಿಸುತ್ತದೆ ಎಂಬುದು ಅಂದಿನ ಲೆಕ್ಕಾಚಾರ. ಲೆಕ್ಕ ತಪ್ಪಲಿಲ್ಲ, ಆದರೆ ಮರ ಹಾಕಿದ ಗೆರೆಯೊಳಗೆ ನಿಲ್ಲಲಿಲ್ಲ. ಕುರಿ, ಆಡು, ದನಗಳು ಇದರ ಸಿಹಿಯಾದ ಕಾಯಿ ತಿನ್ನುತ್ತವೆ. ಬೀಜ ಜೀರ್ಣವಾಗದೆ ಸಗಣಿ, ಹಿಕ್ಕೆಯೊಡನೆ ಹೊರಬಂದು ಹೊಸ ಜಾಗದಲ್ಲಿ ಮೊಳೆಯುತ್ತದೆ.

ಕಾಂಗ್ರೆಸ್ ಹುಲ್ಲು ಎಂದು ಜನ ಕರೆಯುವ ಪಾರ್ಥೇನಿಯಂ ಭಾರತದಲ್ಲಿ ಗಮನಕ್ಕೆ ಬಂದದ್ದು 1955ರಲ್ಲಿ, ಪುಣೆಯಲ್ಲಿ. ಆಮದಾದ ಗೋಧಿಯೊಂದಿಗೆ ಇದು ಬಂತೆಂಬ ನಂಬಿಕೆ ಪ್ರಚಲಿತದಲ್ಲಿದೆ. ಮೊಳೆತ ತಿಂಗಳೊಪ್ಪತ್ತಿನಲ್ಲೇ ಹೂಬಿಡುವ ಒಂದು ಬಲಿತ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಇದರ ಸಂಪರ್ಕದಿಂದ ಚರ್ಮದ ತುರಿಕೆ, ಅಲರ್ಜಿ, ಉಬ್ಬಸ ಉಂಟಾಗುತ್ತವೆ. ದನ ತಿಂದರೆ ಹಾಲು ಕಹಿಯಾಗುತ್ತದೆ.

ಇವೆರಡರ ಜೊತೆಗೆ ಎರೆ ಭೂಮಿಯ ಹಳೆಯ ಶತ್ರು ಕರಿಕೆ ಇದ್ದೇ ಇದೆ. ಬೇಸಿಗೆಯಲ್ಲಿ ಆಳವಾಗಿ ಬಿರಿಯುವ ಈ ಮಣ್ಣಿನಲ್ಲಿ ಕರಿಕೆಯ ಬೇರುಗಡ್ಡೆ ಒಮ್ಮೆ ಇಳಿಯಿತೆಂದರೆ ಕುಂಟೆ ಹೊಡೆದು ತೆಗೆಯಲಾಗದು. ಟ್ರ್ಯಾಕ್ಟರಿನಿಂದ ಪಲ್ಟಿ ಹೊಡೆಸಿ, ಗಡ್ಡೆ ಆರಿಸಿ, ಬಿಸಿಲಿಗೆ ಒಣಗಿಸಬೇಕು. ಎರಡು ಮೂರು ವರ್ಷ ಬೀಳು ಬಿಟ್ಟ ಹೊಲವನ್ನು ಮತ್ತೆ ಹದಕ್ಕೆ ತರುವುದು ಒಂದೇ ಹಂಗಾಮಿನ ಕೆಲಸವಲ್ಲ.

ಹೊರೆ ನೆರೆಯವರ ಮೇಲೆ

ಬೀಳು ಹೊಲದ ಒಡೆಯರಿಗೆ ಇದರಿಂದ ತಕ್ಷಣದ ನಷ್ಟವಿಲ್ಲ. ಭೂಮಿಯ ಬೆಲೆ ಕಳೆ ಬೆಳೆದ ಮಾತ್ರಕ್ಕೆ ಇಳಿಯುವುದಿಲ್ಲ. ನಷ್ಟವೆಲ್ಲ ಪಕ್ಕದ ರೈತನದು. ಗಾಳಿ, ನೀರು, ದನಗಳ ಮೂಲಕ ಬರುವ ಬೀಜಕ್ಕೆ ಅವನು ಪ್ರತಿವರ್ಷ ಒಂದು ಎಡೆ ಹೆಚ್ಚು ಹೊಡೆಸಬೇಕು, ಕಳೆ ತೆಗೆಯಲು ಹೆಚ್ಚು ಆಳು ಹಚ್ಚಬೇಕು. ಜಾಲಿಯ ಪೊದೆ ಕಾಡುಹಂದಿಗಳಿಗೆ ಆಸರೆಯಾದರೆ ಬೆಳೆ ಕಾಯುವ ಕೆಲಸವೂ ಅವನ ಪಾಲಿಗೆ ಬರುತ್ತದೆ. ಕಳೆ ಬೆಳೆಸಿದವರು ಒಬ್ಬರು, ಕೂಲಿ ಕೊಡುವವರು ಇನ್ನೊಬ್ಬರು ಎಂಬ ಈ ವಿಚಿತ್ರ ವ್ಯವಸ್ಥೆಯೇ ಸಮಸ್ಯೆಯ ತಿರುಳು.

ಖಾಸಗಿ ಒಡೆಯರಷ್ಟೇ ಇದಕ್ಕೆ ಹೊಣೆಗಾರರಲ್ಲ. ಕಾಲುವೆ ದಂಡೆ, ರಸ್ತೆ ಬದಿ, ಗಾಂವಠಾಣ, ಹಳ್ಳದ ಪಾತ್ರಗಳು ಸರ್ಕಾರದ ಸ್ವತ್ತು. ಬೆಣ್ಣಿಹಳ್ಳ 2009ರಲ್ಲೂ 2019ರಲ್ಲೂ ಉಕ್ಕಿ ತಾಲ್ಲೂಕಿನ ಹೊಲಗಳನ್ನು ಮುಳುಗಿಸಿತು. ಹಳ್ಳದ ಪಾತ್ರದಲ್ಲಿ ಜಾಲಿ ದಟ್ಟವಾಗಿ ಬೆಳೆದಲ್ಲಿ ನೀರಿನ ಓಟ ತಗ್ಗುತ್ತದೆ, ಹೂಳು ನಿಲ್ಲುತ್ತದೆ. ನೆರೆಗೆ ಮಳೆಯೇ ಮುಖ್ಯ ಕಾರಣವಾದರೂ, ಕಿರಿದಾದ ಪಾತ್ರ ಅದರ ಹಾನಿಯನ್ನು ಹೆಚ್ಚಿಸುತ್ತದೆ. ತನ್ನ ಜಾಗವನ್ನೇ ಸ್ವಚ್ಛವಾಗಿಡದ ಸರ್ಕಾರಕ್ಕೆ ರೈತನ ಬದುವಿನ ಬಗ್ಗೆ ಉಪದೇಶ ಮಾಡುವ ನೈತಿಕ ಹಕ್ಕು ಎಲ್ಲಿಂದ ಬರಬೇಕು?

ಹೊಲ ಏಕೆ ಬೀಳಾಗುತ್ತದೆ?

ಕಾರಣಗಳು ಹಲವು. ಪಾಲಾಗಿ ಪಾಲಾಗಿ ಹೊಲ ಚಿಕ್ಕದಾಗಿದೆ, ಎತ್ತುಗಳಿಲ್ಲ, ಆಳು ಸಿಗುವುದಿಲ್ಲ, ಕಾಲುವೆಯ ಕೊನೆಯ ಭಾಗಕ್ಕೆ ಮಲಪ್ರಭೆಯ ನೀರು ಸರಿಯಾಗಿ ತಲುಪುವುದಿಲ್ಲ. ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು. ಹೆಚ್ಚು ಚರ್ಚೆಯಾಗದ ಕಾರಣವೊಂದಿದೆ. ಅದು ಗೇಣಿಯ ಭಯ.

ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು, ಉಳುವವರು ಒಡೆಯರಾದರು. ಲಕ್ಷಾಂತರ ಕುಟುಂಬಗಳಿಗೆ ಬಾಳು ಕೊಟ್ಟ ಕ್ರಮವದು. ಅದೇ ಕಾಯ್ದೆ ಮುಂದೆ ಹೊಸ ಗೇಣಿಯನ್ನು ನಿಷೇಧಿಸಿತು. ಸೈನಿಕರು, ನಾವಿಕರಂಥವರಿಗೆ ಮಾತ್ರ ವಿನಾಯಿತಿ ದೊರೆಯಿತು. ಹಾಗೆಂದು ಊರುಗಳಲ್ಲಿ ಲಾವಣಿ ನಿಂತಿಲ್ಲ. ಬಾಯಿಮಾತಿನಲ್ಲಿ, ಒಂದೊಂದೇ ವರ್ಷಕ್ಕೆ ನಡೆಯುತ್ತದೆ. ಹೊಲ ಕೈಬಿಟ್ಟೀತೆಂಬ ಭಯದಿಂದ ಒಡೆಯರು ಒಬ್ಬರಿಗೇ ಸತತವಾಗಿ ಕೊಡಲು ಹಿಂಜರಿಯುತ್ತಾರೆ; ಕೆಲವರು ಯಾರಿಗೂ ಕೊಡದೆ ಬೀಳು ಬಿಡುತ್ತಾರೆ. ಮುಂದಿನ ವರ್ಷ ಹೊಲ ತನ್ನದಲ್ಲವೆಂದು ಗೊತ್ತಿರುವ ಲಾವಣಿದಾರ ಕರಿಕೆ ಕೀಳಿಸಲು, ಜಾಲಿಯ ಬೇರು ತೆಗೆಸಲು ಹಣ ಹಾಕುವುದಾದರೂ ಏಕೆ? ಪಹಣಿಯಲ್ಲಿ ಹೆಸರಿಲ್ಲದ ಕಾರಣ ಅವನಿಗೆ ಬೆಳೆ ಸಾಲ, ಬೆಳೆ ಪರಿಹಾರ ಪಡೆಯುವುದೂ ಕಷ್ಟ.

2020ರಲ್ಲಿ ಇದೇ ಕಾಯ್ದೆಗೆ ಮತ್ತೊಂದು ತಿದ್ದುಪಡಿಯಾಯಿತು. 79ಎ, 79ಬಿ ಕಲಂಗಳು ರದ್ದಾಗಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವ ದಾರಿ ತೆರೆಯಿತು. ಆದರೆ ಹಾಗೆ ಕೊಂಡ ಭೂಮಿಯನ್ನು ಉಳುವವರಿಗೆ ಅವಧಿಯ ಕರಾರಿನ ಮೇಲೆ ಕೊಡುವ ದಾರಿ ತೆರೆಯಲಿಲ್ಲ. ಕೊಳ್ಳಲು ಬಾಗಿಲು ತೆರೆದು, ಉಳಿಸಲು ಬಾಗಿಲು ಮುಚ್ಚಿದರೆ ಭೂಮಿಯಲ್ಲಿ ಬೆಳೆಯುವುದು ಕಳೆಯೇ ಎಂಬುದಕ್ಕೆ ವಿಶೇಷ ಅಧ್ಯಯನ ಬೇಕಿಲ್ಲ. ನೀತಿ ಆಯೋಗ 2016ರಲ್ಲೇ ಮಾದರಿ ಭೂ ಗೇಣಿ ಕಾಯ್ದೆಯೊಂದನ್ನು ರಾಜ್ಯಗಳ ಮುಂದಿಟ್ಟಿತ್ತು. ಒಡೆತನದ ಹಕ್ಕನ್ನು ಒಡೆಯರಲ್ಲೇ ಉಳಿಸಿ, ಗೇಣಿದಾರರಿಗೆ ಸಾಲ, ವಿಮೆ ಸಿಗುವಂತೆ ಮಾಡುವುದು ಅದರ ಉದ್ದೇಶ.

ಯಂತ್ರ, ವಿಷ, ಕೀಟ

ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕೊಂಬೆಯ ಜಾಗದಲ್ಲಿ ನಾಲ್ಕು ಚಿಗುರುತ್ತವೆ. ನೆಲದ ಕೆಳಗೆ ಒಂದಡಿಯಷ್ಟು ಆಳದಲ್ಲಿ ಬೇರು ಕತ್ತರಿಸಿ ಬುಡ ಕಿತ್ತರೆ ಮಾತ್ರ ಅದು ಸಾಯುತ್ತದೆ. ಕಿತ್ತ ನಂತರ ಆ ಜಾಗದಲ್ಲಿ ಬೆಳೆ ಬರಬೇಕು. ಇಲ್ಲವಾದರೆ ಮಣ್ಣಿನಲ್ಲಿರುವ ಬೀಜ ಮೊಳೆತು ಕೆಲವೇ ವರ್ಷಗಳಲ್ಲಿ ಪೊದೆ ಮರಳುತ್ತದೆ. ತಮಿಳುನಾಡಿನಲ್ಲಿ 2017ರಲ್ಲಿ ಹೈಕೋರ್ಟ್ ಆದೇಶದ ಬಲದಿಂದ ಆರಂಭವಾದ ಜಾಲಿ ನಿರ್ಮೂಲನೆ ಅದೇ ವರ್ಷ ತಡೆಯಾಜ್ಞೆಗೆ ಸಿಲುಕಿತು. 2022ರಲ್ಲಿ ಆ ರಾಜ್ಯ ಆಕ್ರಮಣಕಾರಿ ಸಸ್ಯಗಳ ಕುರಿತು ಪ್ರತ್ಯೇಕ ನೀತಿಯನ್ನೇ ರೂಪಿಸಬೇಕಾಯಿತು. ಕಡಿಯುವುದಕ್ಕಿಂತ ನಂತರ ಏನು ಎಂಬುದೇ ಕಠಿಣ ಪ್ರಶ್ನೆ ಎಂಬುದು ಇದರ ಪಾಠ.

ಕಳೆನಾಶಕವೂ ಸುಲಭದ ದಾರಿಯಲ್ಲ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಸೀಮಿತಗೊಳಿಸಿತು. 2,4-ಡಿ ಸಿಂಪಡಣೆಯ ತುಂತುರು ಗಾಳಿಯಲ್ಲಿ ತೇಲಿಬಂದರೂ ಹತ್ತಿ ಗಿಡ ಮುರುಟುತ್ತದೆ. ಹತ್ತಿ ಬೆಳೆಯುವ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ.

ಪಾರ್ಥೇನಿಯಂ ತಿನ್ನುವ ಮೆಕ್ಸಿಕೋ ಮೂಲದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಚುರುಕಾಗಿ ಎಲೆ ತಿಂದು ಮುಗಿಸುತ್ತದೆ, ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ಅವಿತು ಕೂರುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ. ಮಹದೇವಪ್ಪ ಅವರು ಈ ಕಳೆಯ ನಿರ್ವಹಣೆಗಾಗಿ ಹಲವು ವರ್ಷ ಶ್ರಮಿಸಿದರು. ತಗಚೆ ಜಾತಿಯ ಗಿಡಗಳಿಂದ ಪೈಪೋಟಿ ಒಡ್ಡುವ ಪ್ರಯೋಗ ಧಾರವಾಡದ ಸುತ್ತಮುತ್ತ ಫಲ ಕೊಟ್ಟದ್ದುಂಟು. ಇವೆಲ್ಲವೂ ನೆರವಾಗುತ್ತವೆ, ಆದರೆ ಯಾವುದೂ ಉಳುಮೆಗೆ ಬದಲಿಯಲ್ಲ.

ದಂಡ ವಿಧಿಸಿದರೆ ಸಾಕೇ?

ಒಡೆಯರಿಗೆ ದಂಡ ಹಾಕಿ ಎಂಬ ಬೇಡಿಕೆ ಸಹಜ. ಕಾನೂನೂ ಇದೆ. 1968ರ ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ ಪಾರ್ಥೇನಿಯಂ ಅನ್ನು 1975ರಲ್ಲೇ ಪೀಡೆಯೆಂದು ಘೋಷಿಸಲಾಗಿದೆ. ಅದನ್ನು ತೆಗೆಯುವುದು ಭೂಮಿಯ ಅನುಭೋಗದಾರರ ಹೊಣೆ. ಘೋಷಣೆಯಾಗಿ ಐದು ದಶಕ ಕಳೆದರೂ ಕಳೆ ಹಬ್ಬುತ್ತಲೇ ಇದೆ ಎಂದರೆ ಕಾನೂನಿನ ಬಲ ಎಷ್ಟೆಂದು ಊಹಿಸಬಹುದು.

ಅಲ್ಲದೆ ನವಲಗುಂದದಲ್ಲಿ ಭೂಮಿಯ ಮೇಲಿನ ಯಾವುದೇ ವಸೂಲಿಯ ಮಾತನ್ನು ಎಚ್ಚರದಿಂದ ಆಡಬೇಕು. ನೀರು ಸರಿಯಾಗಿ ಹರಿಯದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದ್ದಕ್ಕೆ ಸಿಡಿದ ರೈತರು 1980ರ ಜುಲೈ 21ರಂದು ಗೋಲಿಬಾರ್ ಎದುರಿಸಿದ ನೆಲವಿದು. ಇಂದಿಗೂ ಆ ದಿನ ಇಲ್ಲಿ ಹುತಾತ್ಮ ದಿನಾಚರಣೆ. ಕೈಲಾಗದೆ ಬೀಳು ಬಿಟ್ಟ ವಿಧವೆಯನ್ನೂ, ಬೆಲೆ ಏರಲೆಂದು ಬೀಳು ಬಿಟ್ಟ ನಗರವಾಸಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ದಂಡ ನ್ಯಾಯವಾಗದು. ಜಾಲಿಯ ಸೌದೆಯಿಂದಲೇ ಒಲೆ ಉರಿಸುವ ಭೂಹೀನ ಕುಟುಂಬಗಳನ್ನೂ ಮರೆಯುವಂತಿಲ್ಲ. ಕಿತ್ತ ಸೌದೆಯ ಮೊದಲ ಹಕ್ಕು ಅವರದಾಗಬೇಕು.

ಮಾಡಬಹುದಾದದ್ದು ಇಷ್ಟು. ಬೆಳೆ ಸಮೀಕ್ಷೆ ಈಗ ಮೊಬೈಲ್ ಮೂಲಕ ಸರ್ವೆ ನಂಬರುವಾರು ನಡೆಯುತ್ತದೆ. ಸತತವಾಗಿ ಬೀಳಾಗಿರುವ ಹೊಲಗಳ ಪಟ್ಟಿ ಮಾಡುವುದು ಕಷ್ಟವಲ್ಲ. ಅಂಥ ಹೊಲಗಳಿಗೆ, ಒಡೆತನಕ್ಕೆ ಧಕ್ಕೆಯಾಗದಂತೆ, ಮೂರರಿಂದ ಐದು ವರ್ಷದ ಲಿಖಿತ ಗೇಣಿಗೆ ಕಾಯ್ದೆಯಲ್ಲಿ ಅವಕಾಶ ಕೊಡಬೇಕು. ಸ್ಥಳೀಯ ಭೂಹೀನರಿಗೆ, ಸ್ತ್ರೀಶಕ್ತಿ ಗುಂಪುಗಳಿಗೆ ಆದ್ಯತೆ ಇರಲಿ. ಕಾಲುವೆ, ಹಳ್ಳ, ರಸ್ತೆ ಬದಿಯ ಕಳೆಯನ್ನು ಸಂಬಂಧಿಸಿದ ಇಲಾಖೆಗಳು ಮೊದಲು ತೆಗೆಯಲಿ.

ಕಾಯ್ದೆ ಬದಲಾಗುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಊರಲ್ಲಿ ಹೊಲ ಬಿಟ್ಟುಬಂದ ನಗರವಾಸಿಗಳು ವರ್ಷಕ್ಕೊಮ್ಮೆ, ಕಾಂಗ್ರೆಸ್ ಹುಲ್ಲು ಹೂಬಿಡುವ ಮುನ್ನ, ಬಾಡಿಗೆ ಟ್ರ್ಯಾಕ್ಟರಿನಿಂದ ಹೊಲ ಹರಗಿಸಬಹುದು. ಆ ಒಂದು ದಿನದ ಬಾಡಿಗೆ ಪಕ್ಕದ ರೈತನ ಒಂದು ಹಂಗಾಮಿನ ಕೂಲಿಯನ್ನು ತಗ್ಗಿಸುತ್ತದೆ.